ಗಾಳಿಗಾಲದ ಉಳಿಕೆ ಬೇಸಿಗೆಗೆ ಇರಲಿ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಸಣ್ಣದೊಂದು ಹಿಟ್ಟಿನ ಗಿರಣಿ ನಡೆಸುವ ನಾನು ಪ್ರತಿ ತಿಂಗಳ ಕರೆಂಟ್ ಬಿಲ್ಲಿನಲ್ಲಿ ಮೊದಲು ಹುಡುಕುವುದು ‘ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ’ ಎಂಬ ಸಾಲನ್ನು. ಯೂನಿಟ್ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕ ವಿಚಾರಣೆ ನಡೆಸಿ ನಿಗದಿಪಡಿಸಿದರೆ, ಈ ಸಾಲು ಮಾತ್ರ ವಿತರಣಾ ಕಂಪನಿಗಳು ವಿದ್ಯುತ್ ಕೊಂಡ ಬೆಲೆಗೆ ತಕ್ಕಂತೆ ಏರಿಳಿಯುತ್ತದೆ. ಮೊದಲು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದ ಈ ಹೊಂದಾಣಿಕೆ, 2022ರ ಡಿಸೆಂಬರ್‌ನಲ್ಲಿ ಕೇಂದ್ರದ ವಿದ್ಯುತ್ ನಿಯಮಗಳಿಗೆ ತಿದ್ದುಪಡಿಯಾದ ಮೇಲೆ ತಿಂಗಳ ಲೆಕ್ಕಕ್ಕೆ ಬಂದಿದೆ.

ಖರೀದಿ ಬೆಲೆ ಒಂದೇ ಸಮ ಇರಲಾರದೆಂಬುದು ನನಗೆ ಗೊತ್ತು. 2023ರಲ್ಲಿ ಮುಂಗಾರು ಕೈಕೊಟ್ಟು, ಜಲವಿದ್ಯುತ್ತಿನ ಲಿಂಗನಮಕ್ಕಿ ಜಲಾಶಯ ತುಂಬದೆ, ಮಳೆಗಾಲದಲ್ಲೇ ಪಂಪ್‌ಸೆಟ್‌ಗಳು ಓಡತೊಡಗಿದಾಗ ರಾಜ್ಯವು ಪಂಜಾಬ್, ಉತ್ತರ ಪ್ರದೇಶಗಳಿಂದ ಕೊಡು-ಕೊಳುವ ಒಪ್ಪಂದದ ಮೇಲೆ ವಿದ್ಯುತ್ ತರಿಸಿಕೊಳ್ಳಬೇಕಾಯಿತು. ವಿದ್ಯುತ್ ಕೊಳ್ಳುವ-ಮಾರುವ ವಿನಿಮಯ ಕೇಂದ್ರದಲ್ಲಿ ಬೇಡಿಕೆಯ ಹೊತ್ತಿಗೆ ಯೂನಿಟ್ಟಿಗೆ ಗರಿಷ್ಠ ಮಿತಿಯಾದ 10 ರೂಪಾಯಿವರೆಗೂ ತೆರಬೇಕಾಗಬಹುದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಕ್ಕದ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಭರದಿಂದ ತಿರುಗುತ್ತವೆ. ಆ ವಿದ್ಯುತ್ತಿಗೆ ಕಲ್ಲಿದ್ದಲಿನ ಖರ್ಚಿಲ್ಲ.

ತೊಡಕಿರುವುದು ಈ ಏರಿಳಿತವನ್ನು ಹಾಗೆಹಾಗೆಯೇ ಗ್ರಾಹಕನಿಗೆ ದಾಟಿಸುವುದರಲ್ಲಿ. ಜೋಳ ಬೀಸುವ ದರವನ್ನು ನಾನು ತಿಂಗಳು ತಿಂಗಳೂ ಬದಲಿಸಿದರೆ ಗಿರಾಕಿ ಮುಂದಿನ ಓಣಿಯ ಗಿರಣಿಗೆ ಹೋಗುತ್ತಾನೆ. ಗೃಹಜ್ಯೋತಿಯಡಿ ಶೂನ್ಯ ಬಿಲ್ ಬರುವ ಮನೆಗಳಿಗೆ ಈ ಸಾಲು ತಟ್ಟುವುದಿಲ್ಲವಾದ್ದರಿಂದ, ಇದರ ಬಗ್ಗೆ ಹೆಚ್ಚು ದನಿಯೂ ಏಳುವುದಿಲ್ಲ.

ಅಮೆರಿಕದ ಸಿಯಾಟಲ್ ನಗರಾಡಳಿತದ ವಿದ್ಯುತ್ ಸಂಸ್ಥೆ ನಮಗಿಂತಲೂ ಹೆಚ್ಚಾಗಿ ಜಲವಿದ್ಯುತ್ತನ್ನೇ ನೆಚ್ಚಿಕೊಂಡದ್ದು. ಬೆಟ್ಟಗಳಲ್ಲಿ ಹಿಮ ಚೆನ್ನಾಗಿ ಬಿದ್ದು, ಕರಗಿ ನದಿಗಳು ತುಂಬಿದ ವರ್ಷ ಮಿಕ್ಕ ವಿದ್ಯುತ್ ಮಾರಿ ಗಳಿಸುವ ಅದು, ಹಿಮ ಕಡಿಮೆಯಾದ ವರ್ಷ ಅದೇ ಮಾರುಕಟ್ಟೆಯಲ್ಲಿ ಪೆಟ್ಟು ತಿನ್ನುತ್ತದೆ. ಅದಕ್ಕೆಂದೇ 2010ರಲ್ಲಿ ಅಲ್ಲಿ ದರ ಸ್ಥಿರತೆಯ ನಿಧಿಯೊಂದನ್ನು ಕಟ್ಟಿದರು. ಇಂಥ ಮಾರಾಟದ ಆದಾಯ ಅಂದಾಜು ಮೀರಿದರೆ ನಿಧಿಗೆ ಜಮಾ, ಕೊರತೆಯಾದರೆ ನಿಧಿಯಿಂದಲೇ ಭರ್ತಿ. ನಿಧಿ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದಾಗ ಮಾತ್ರ ಗ್ರಾಹಕರ ಮೇಲೆ ಸರ್‌ಚಾರ್ಜ್; ನಿಧಿ ಕಟ್ಟಿದಾಗ ಅದು ಮೊದಲ ಹಂತದಲ್ಲಿ ಶೇ 1.5ರಷ್ಟಿತ್ತು.

ಗಾಳಿಗಾಲದ ಉಳಿಕೆಯನ್ನು ಬೇಸಿಗೆಗೆ ಕೂಡಿಡುವ ಇಂಥದೊಂದು ನಿಧಿಯನ್ನು ನಮ್ಮ ಆಯೋಗವೂ ಪರಿಶೀಲಿಸಬೇಕು. ಕೈಗೆ ಸಿಕ್ಕ ಹಣವನ್ನು ಹಳೆಯ ಬಾಕಿಗೆ ತುಂಬಿಬಿಡುವ ಚಾಳಿ ಎಲ್ಲ ಕಚೇರಿಗಳಲ್ಲೂ ಇರುವುದರಿಂದ, ನಿಧಿಯ ಜಮಾ-ಖರ್ಚನ್ನು ವರ್ಷದ ದರ ವಿಚಾರಣೆಯಲ್ಲೇ ಜನರ ಮುಂದಿಡುವ ಕಟ್ಟುಪಾಡೂ ಜೊತೆಗಿರಲಿ. ನಿಧಿಗೆ ಕಾಲ ಹಿಡಿಯುವುದಾದರೆ, ಒಂದು ಸಣ್ಣ ಕೆಲಸವನ್ನು ಈಗಲೇ ಮಾಡಬಹುದು. ಕೇಂದ್ರದ ನಿಯಮದ ಪ್ರಕಾರ ಏಪ್ರಿಲ್‌ನ ಹೆಚ್ಚುವರಿ ವೆಚ್ಚ ಬಿಲ್ಲಿಗೆ ಬರುವುದು ಜೂನ್‌ನಲ್ಲಿ. ನಡುವೆ ಮೇ ತಿಂಗಳ ಬಿಲ್ ಹೇಗೂ ಗಿರಣಿಗೆ ಬರುತ್ತದಲ್ಲ, ಮುಂದಿನ ತಿಂಗಳು ಯೂನಿಟ್ಟಿಗೆ ಎಷ್ಟು ಪೈಸೆ ಕೂಡುತ್ತದೆ ಅಥವಾ ಕಳೆಯುತ್ತದೆ ಎಂಬುದನ್ನು ಅದರಲ್ಲೇ ಅಚ್ಚುಹಾಕಿ ಕೊಡಲಿ.

– ಹಿಟ್ಟಿನ ಗಿರಣಿಯ ಮಾಲೀಕ, ದಾವಣಗೆರೆ