ತರೀಕೆರೆಯ ಪುಟ್ಟ ರೈಲಿನ ಬಗ್ಗೆ ಪ್ರವಾಸೋದ್ಯಮ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ.

ಊಟಿ ರೈಲು ಹತ್ತಿ ಬಂದ ನಮ್ಮವರು ಊರಿಗೆ ಮರಳಿದ ಮೇಲೆ ಕೇಳುವ ಪ್ರಶ್ನೆ ಒಂದೇ: "ನಮ್ಮ ಮಲೆನಾಡಿಗೆ ಇಂಥದ್ದೊಂದು ಯಾಕಿಲ್ಲ?" ನಿಮ್ಮ ಇಲಾಖೆಗೂ ಈ ಪ್ರಶ್ನೆ ಮನವಿ ಪತ್ರಗಳ ರೂಪದಲ್ಲಿ ಬರುತ್ತಲೇ ಇರಬೇಕು. ನಾನು ತರೀಕೆರೆ ಸೀಮೆಯವನು. ನಮ್ಮ ಕಡೆಯವರು ಕೊಡಬಹುದಾದ ಉತ್ತರ ಬೇರೆ. ಯಾಕಿಲ್ಲ ಅಂತ ಕೇಳಬೇಡಿ ಸ್ವಾಮಿ, ಇತ್ತು!

ಬೀರೂರು–ಶಿವಮೊಗ್ಗ ಮಾರ್ಗದಲ್ಲಿರುವ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಮೈಸೂರು ಸಂಸ್ಥಾನದ ಕಾಲದಲ್ಲಿ ಎರಡಡಿ ಅಗಲದ ಹಳಿ ಹಾಕಿದ್ದರು. ಡಾರ್ಜಿಲಿಂಗ್ ರೈಲಿನ ಹಳಿಯೂ ಅಷ್ಟೇ ಅಗಲ. ನರಸಿಂಹರಾಜಪುರದ ಹಳೆ ಹೆಸರು ಎಡೇಹಳ್ಳಿ. ದಟ್ಟ ಕಾಡಿನ ನಡುವಿನ ಆ ಊರಿಗೆ ರೈಲು ಹೋಗುತ್ತಿತ್ತು ಅಂದರೆ ಇವತ್ತಿನ ಹುಡುಗರು ನಂಬುವುದಿಲ್ಲ. ನಂಬುವುದಕ್ಕೆ ನಾವು ಏನನ್ನಾದರೂ ಉಳಿಸಿದ್ದೇವಾ?

ಇನ್ನೊಂದು ಕಥೆ ಪಕ್ಕದ ಭದ್ರಾವತಿಯದು. ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ 1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಜೊತೆ ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ಗೊತ್ತಿಲ್ಲದ ಸಂಗತಿ ಏನೆಂದರೆ, ಆ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದ ಅಲ್ಲ. ನಮ್ಮ ಸೀಮೆಯಲ್ಲಿ ಕಲ್ಲಿದ್ದಲು ಎಲ್ಲಿದೆ? ಸುತ್ತಲಿನ ಕಾಡಿನ ಮರ ಕಡಿದು, ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ಅದಿರು ಕರಗಿಸುತ್ತಿದ್ದರು. ಮರದ ಹೊಗೆಯನ್ನೂ ಬಿಡದೆ ಅದರಿಂದ ಮದ್ಯಸಾರ, ಆಮ್ಲದಂಥ ರಾಸಾಯನಿಕ ತೆಗೆಯುವ ಘಟಕವೂ ಇತ್ತು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮಿನಲ್ಲಿ, ಅಂದರೆ ಕಿರಿದಾದ ಹಳಿಯ ಪುಟ್ಟ ರೈಲಿನಲ್ಲಿ, ಭದ್ರಾವತಿಗೆ ಹೋಗುತ್ತಿತ್ತು. ಸೌದೆ, ನಾಟಾ ತರುವುದಕ್ಕೂ ಕಾಡಿನೊಳಗೆ ಟ್ರಾಮ್ ಹಳಿಗಳು ಹರಡಿದ್ದವು. ಅಂದರೆ ಮಲೆನಾಡಿನಲ್ಲಿ ಕಿರುರೈಲು ಹುಟ್ಟಿದ್ದು ನೋಟ ನೋಡುವುದಕ್ಕಲ್ಲ, ಕಾಡು ಸಾಗಿಸುವುದಕ್ಕೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಕ್ಕೆ ಓದಬೇಕು ಅಂತ ಕೇಳಿಕೊಳ್ಳುತ್ತೇನೆ.

ಮರ ಸಾಗಿಸಲು ಹಾಕಿದ ಬೆಟ್ಟದ ರೈಲನ್ನು ಪ್ರವಾಸಿ ರೈಲಾಗಿ ಮಾಡಿದವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿರುವುದು ತೈವಾನಿನ ಅಲಿಶಾನ್ ಅರಣ್ಯ ರೈಲು. ಅದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮಗೆ ಬೇಕಾದ ಪಾಠವೆಲ್ಲ ಅದರಲ್ಲೇ ಇದೆ.

ತೈವಾನನ್ನು ಜಪಾನ್ ಆಳುತ್ತಿದ್ದ ಕಾಲ. ಅಲಿಶಾನ್ ಬೆಟ್ಟದ ಮೇಲೆ ಸಾವಿರಾರು ವರ್ಷದ ಸೈಪ್ರೆಸ್ ಮರಗಳಿದ್ದವು. ಅವನ್ನು ಕೆಳಗಿಳಿಸಲು 1906ರಲ್ಲಿ ಒಂದು ಖಾಸಗಿ ಕಂಪನಿ ರೈಲು ಹಳಿ ಹಾಕಲು ಶುರು ಮಾಡಿ, ಕೈ ಸುಟ್ಟುಕೊಂಡು ಎರಡೇ ವರ್ಷಕ್ಕೆ ನಿಲ್ಲಿಸಿತು. ಆಮೇಲೆ ಸರ್ಕಾರವೇ ಕೈ ಹಾಕಿ 1912ರ ಹೊತ್ತಿಗೆ ರೈಲು ಓಡಿಸಿತು. ಹಳಿಯ ಅಗಲ 762 ಮಿಲಿಮೀಟರ್, ನಮ್ಮ ಕಾಲ್ಕಾ–ಶಿಮ್ಲಾ ರೈಲಿನಷ್ಟೇ. ಚಿಯಾಯಿ ಪಟ್ಟಣದಲ್ಲಿ ಸಮುದ್ರಮಟ್ಟದಿಂದ 30 ಮೀಟರ್ ಎತ್ತರದಲ್ಲಿ ಹೊರಡುವ ರೈಲು, 71 ಕಿಲೋಮೀಟರ್ ಸಾಗುವಷ್ಟರಲ್ಲಿ 2,200 ಮೀಟರ್ ದಾಟಿರುತ್ತದೆ. ಬಾಳೆ, ಅಡಿಕೆ, ಬಿದಿರು ದಾಟಿ ಚಳಿ ಸೀಮೆಯ ಮರಗಳ ನಡುವೆ ಹೋಗಿ ನಿಲ್ಲುತ್ತದೆ.

ಅಷ್ಟು ಎತ್ತರ ಹತ್ತುವುದು ಹೇಗೆ? ದುಲಿಶಾನ್ ಅನ್ನುವ ಒಂಟಿ ಗುಡ್ಡಕ್ಕೆ ಹಳಿ ಮೂರು ಸುತ್ತು ಹಾಕುತ್ತದೆ, ತುದಿಯಲ್ಲಿ ಎಂಟರ ಆಕಾರದಲ್ಲಿ ತಿರುಗಿ ಆಚೆ ದಾಟುತ್ತದೆ. ಕೆಳಗೆ ನೋಡಿದ ಊರೇ ಮತ್ತೆ ಮತ್ತೆ ಕಿಟಕಿಗೆ ಬರುತ್ತದೆ, ಪ್ರತಿ ಸಲ ಇನ್ನಷ್ಟು ಚಿಕ್ಕದಾಗಿ. ಅದಕ್ಕೂ ಮೇಲೆ ಸುತ್ತು ಹಾಕಲೂ ಜಾಗವಿಲ್ಲ. ಅಲ್ಲಿ ರೈಲು ಗುಡ್ಡಕ್ಕೆ ಮುಖ ಕೊಟ್ಟು ನಿಲ್ಲುತ್ತದೆ, ಹಳಿ ಬದಲಿಸಿ ಹಿಮ್ಮುಖವಾಗಿ ಹತ್ತುತ್ತದೆ, ಮತ್ತೆ ನಿಲ್ಲುತ್ತದೆ, ಮತ್ತೆ ಮುಂದಕ್ಕೆ. "ಅಲಿಶಾನ್ ರೈಲು ಗೋಡೆಗೆ ಗುದ್ದುತ್ತದೆ" ಅಂತ ಅಲ್ಲಿನವರ ತಮಾಷೆ. ಎಂಜಿನ್ ಯಾವಾಗಲೂ ಇಳಿಜಾರಿನ ಕಡೆಗೇ ಇರುತ್ತದೆ, ಬೋಗಿಗಳನ್ನು ಕೆಳಗಿನಿಂದ ತಳ್ಳುತ್ತದೆ. ಕೊಂಡಿ ಕಳಚಿದರೂ ಬೋಗಿ ತಪ್ಪಿಸಿಕೊಂಡು ಕೆಳಗೆ ಓಡಬಾರದಲ್ಲ, ಅದಕ್ಕೆ.

ಅಲ್ಲಿನ ಹಳೆ ಎಂಜಿನ್ನು ಇನ್ನೂ ವಿಚಿತ್ರ. ಅಮೆರಿಕದಲ್ಲಿ ನಾಟಾ ಸಾಗಣೆಗೆಂದೇ ಮಾಡುತ್ತಿದ್ದ ಶೇ ಎಂಜಿನ್. ಮಾಮೂಲಿ ಉಗಿ ಎಂಜಿನ್ನಿನಲ್ಲಿ ಸಿಲಿಂಡರುಗಳು ಎರಡು ಪಕ್ಕದಲ್ಲಿ ಮಲಗಿರುತ್ತವೆ. ಇದರಲ್ಲಿ ಅವು ಬಲಗಡೆ ಮಾತ್ರ, ಅದೂ ನೆಟ್ಟಗೆ ನಿಂತಿರುತ್ತವೆ. ಆ ಭಾರಕ್ಕೆ ಎಂಜಿನ್ ವಾಲದಿರಲಿ ಅಂತ ಬಾಯ್ಲರನ್ನೇ ಎಡಕ್ಕೆ ಸರಿಸಿ ಕೂರಿಸಿದ್ದಾರೆ. ಹಾಗಾಗಿ ಎದುರಿಂದ ನೋಡಿದರೆ ಎಂಜಿನ್ನಿನ ಮುಖವೇ ಸೊಟ್ಟ. ಸಿಲಿಂಡರಿನ ಕೆಳಗೆ ಉದ್ದಕ್ಕೆ ಒಂದು ತಿರುಗುವ ಶಾಫ್ಟು, ಅದರಲ್ಲಿ ಲಾರಿಗಳಲ್ಲಿರುವಂಥ ಯೂನಿವರ್ಸಲ್ ಜಾಯಿಂಟು, ಆ ಬದಿಯ ಪ್ರತಿ ಚಕ್ರಕ್ಕೂ ಹಲ್ಲುಚಕ್ರ. ಎಲ್ಲ ಚಕ್ರಗಳೂ ಒಟ್ಟಿಗೆ ಹಳಿ ಕಚ್ಚುತ್ತವೆ. ವೇಗ ಇಲ್ಲ, ಆದರೆ ಹದಿನಾರು ಅಡಿಗೆ ಒಂದಡಿ ಏರುವ ಹಳಿಯನ್ನೂ ಬಿಡದೆ ಹತ್ತುತ್ತದೆ. ಜಾಯಿಂಟುಗಳು, ಹಲ್ಲುಗಳು ಹೊರಗೇ ತಿರುಗುವುದರಿಂದ ಮಕ್ಕಳಿಗೆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆ ಪಾಠ ಇಲ್ಲ.

1963ರಲ್ಲಿ ಅಲಿಶಾನಿನ ಮರ ಕಡಿತ ನಿಂತಿತು. ರೈಲು ನಿಲ್ಲಲಿಲ್ಲ. ಅರಣ್ಯ ಇಲಾಖೆಯೇ ಅದನ್ನು ಇಟ್ಟುಕೊಂಡಿತು. ಬೆಟ್ಟದ ತುದಿಯ ಸೂರ್ಯೋದಯ ನೋಡಲೆಂದೇ 1986ರಲ್ಲಿ ಒಂದು ಕವಲು ಹಳಿಯನ್ನೂ ಹಾಕಿತು. ಕೆಳಗೆ ಚಿಯಾಯಿಯಲ್ಲಿ ನಾಟಾ ಕಾರ್ಖಾನೆಯ ನೌಕರರಿದ್ದ ಮರದ ಮನೆಗಳನ್ನು ರಿಪೇರಿ ಮಾಡಿ ಒಂದು ಕೇರಿಯನ್ನಾಗಿ ಉಳಿಸಿದ್ದಾರೆ. ಅರ್ಧ ದಾರಿಯ ಫೆನ್‌ಚಿಹು ಸ್ಟೇಷನ್ನಿನಲ್ಲಿ ಪ್ರಯಾಣಿಕರಿಗೆ ಮಾರುತ್ತಿದ್ದ ಊಟದ ಡಬ್ಬಿ ಇವತ್ತು ಆ ಊರಿನ ಗುರುತೇ ಆಗಿಬಿಟ್ಟಿದೆ. ನಮ್ಮ ಮದ್ದೂರು ವಡೆಯೂ ರೈಲಿನಿಂದಲೇ ಹೆಸರು ಮಾಡಿದ್ದು ತಾನೇ?

ಅಲಿಶಾನ್ ಬೆಟ್ಟದ ಮೇಲೆ 1935ರಲ್ಲಿ ಕಟ್ಟಿದ ಒಂದು ಕಲ್ಲಿನ ಗೋಪುರ ಇದೆ. ಕಡಿದ ಮರಗಳ ಆತ್ಮಕ್ಕೆ ಶಾಂತಿ ಕೋರಿ ಕಟ್ಟಿದ್ದು. ಕಟ್ಟಿಸಿದವರು ಮರ ಕಡಿಸಿದವರೇ. ಇದನ್ನು ಕಪಟ ಅಂತಲೂ ಅನ್ನಬಹುದು, ಪಾಪಪ್ರಜ್ಞೆ ಅಂತಲೂ ಅನ್ನಬಹುದು. ಏನೇ ಆಗಲಿ, ಟಿಕೆಟ್ ಕೊಂಡು ಮೇಲೆ ಬಂದ ಪ್ರವಾಸಿ ಆ ಗೋಪುರದ ಮುಂದೆ ಹಾದುಹೋಗುವಾಗ ಈ ಹಳಿ ಯಾಕೆ ಬಂತು ಅನ್ನುವುದು ಅವನಿಗೆ ಗೊತ್ತಾಗುತ್ತದೆ.

ಇದೆಲ್ಲ ಸಲೀಸಾಗಿ ಆಯಿತು ಅಂದುಕೊಳ್ಳಬೇಡಿ. 2008ರಲ್ಲಿ ಅಲ್ಲಿನ ಸರ್ಕಾರಕ್ಕೂ ರೈಲನ್ನು ಖಾಸಗಿ ಕಂಪನಿಗೆ ವಹಿಸುವ ಆಸೆ ಹುಟ್ಟಿತು. ಮರುವರ್ಷ ಮೊರಕೋಟ್ ಚಂಡಮಾರುತ ಬಂದು ಗುಡ್ಡ, ಹಳಿ, ಸೇತುವೆ ಎಲ್ಲ ಕೊಚ್ಚಿಹೋಯಿತು. ಒಪ್ಪಂದ ಮುರಿದುಬಿತ್ತು, ರೈಲು ಸರ್ಕಾರದ ಕೈಗೇ ವಾಪಸ್ ಬಂತು. 2011ರ ಏಪ್ರಿಲ್‌ನಲ್ಲಿ ಓಡುತ್ತಿದ್ದ ರೈಲಿನ ಮೇಲೆ ಮರದ ಕೊಂಬೆ ಬಿದ್ದು ಬೋಗಿಗಳು ಉರುಳಿದವು, ಐದು ಜನ ಸತ್ತರು. 2015ರಲ್ಲಿ ಇನ್ನೊಂದು ಚಂಡಮಾರುತಕ್ಕೆ ಒಂದು ಸುರಂಗವೇ ಕುಸಿಯಿತು. ಹೊಸ ಸುರಂಗ ಕೊರೆದು ಪೂರ್ತಿ ಮಾರ್ಗ ಮತ್ತೆ ತೆರೆದದ್ದು 2024ರ ಜುಲೈ 6ಕ್ಕೆ. ಹದಿನೈದು ವರ್ಷ! ಆ ವರ್ಷಗಳಲ್ಲಿ ಸಾಧ್ಯವಾದಾಗಲೆಲ್ಲ ಅವರು ಎಲ್ಲಿಯವರೆಗೆ ಹಳಿ ಗಟ್ಟಿ ಇದೆಯೋ ಅಲ್ಲಿಯವರೆಗೆ ರೈಲು ಓಡಿಸಿದರು.

ನಮ್ಮಲ್ಲೂ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ರೈಲು ನಿಂತಿತ್ತು. ಬೆಟ್ಟದ ರೈಲು ಅಂದರೆ ರಿಬ್ಬನ್ ಕತ್ತರಿಸುವ ದಿನದ ಖರ್ಚಲ್ಲ, ಪ್ರತಿ ಮಳೆಗಾಲದ ಖರ್ಚು. ಇದನ್ನು ಯೋಜನಾ ವರದಿ ಬರೆಯುವ ಕನ್ಸಲ್ಟೆಂಟುಗಳು ನಿಮಗೆ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಮೊದಲನೆಯದು ಬೇಡದ್ದರ ಬಗ್ಗೆ. ಹಳೆ ಟ್ರಾಮ್ ಮಾರ್ಗ ಅಂತ ಹೇಳಿ ಭದ್ರಾ ಕಾಡಿನೊಳಗೆ ಮತ್ತೆ ಹಳಿ ಹಾಕುವ ಯೋಚನೆ ಯಾರಾದರೂ ತಂದರೆ ದಯವಿಟ್ಟು ಅಲ್ಲೇ ತಡೆಯಿರಿ. ಅದು ಇವತ್ತು ಹುಲಿ ಸಂರಕ್ಷಿತ ಪ್ರದೇಶ. ಆ ಕಾಡಿನೊಳಗಿದ್ದ ಹಳ್ಳಿಗಳ ನೂರಾರು ಕುಟುಂಬಗಳು ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ ಮನೆ, ಗದ್ದೆ, ದೈವದ ಕಲ್ಲು ಎಲ್ಲ ಬಿಟ್ಟು ಹೊರಗೆ ಬಂದವು. ಕೆಲವರು ನಮ್ಮ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲೇ ಇದ್ದಾರೆ. ಹುಲಿಗೆ ಜಾಗ ಬೇಕು ಅಂತ ಅವರನ್ನು ಎಬ್ಬಿಸಿದ ಸರ್ಕಾರ, ಅದೇ ಜಾಗದಲ್ಲಿ ಬೆಂಗಳೂರಿನ ವೀಕೆಂಡ್ ಪ್ರವಾಸಿಗರಿಗೆ ರೈಲು ಬಿಟ್ಟರೆ ಅವರ ಮುಖ ನೋಡುವುದು ಹೇಗೆ? ಕಾನೂನೂ ಬಿಡುವುದಿಲ್ಲ, ಬಿಟ್ಟರೂ ಮಾಡಬಾರದು. ಅದೂ ಅಲ್ಲದೆ ಭದ್ರಾ ಜಲಾಶಯ ತುಂಬಿದಾಗ ಆ ಕಡೆಯ ಎಷ್ಟೋ ನೆಲ ನೀರಿನಡಿ ಹೋಗಿದೆ.

ಇನ್ನೊಂದು ಬೇಡ: ಬಣ್ಣ ಬಳಿದ ಫೈಬರ್ ಬೋಗಿಗಳ ಆಟದ ರೈಲು. ಕಬ್ಬನ್ ಪಾರ್ಕಿನ ಬಾಲಭವನದಲ್ಲಿ, ಮಡಿಕೇರಿಯ ರಾಜಾಸೀಟ್ ಪಕ್ಕದಲ್ಲಿ ಮಕ್ಕಳ ರೈಲು ಓಡಿದ್ದುಂಟು. ಅದರ ಖುಷಿ ಅದಕ್ಕೆ. ಅದನ್ನೇ ದೊಡ್ಡದು ಮಾಡಿ "ಪಾರಂಪರಿಕ ರೈಲು" ಅಂತ ಬೋರ್ಡ್ ಹಾಕಿದರೆ ಜನ ಒಂದು ಸಲ ಬಂದು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ, ಅಷ್ಟೇ.

ಬೇಕಾದ್ದು ಇದು. ಮೊದಲು ಉಳಿದಿರುವುದನ್ನು ಹುಡುಕಿಸಿ. ಮೈಸೂರು ಸಂಸ್ಥಾನದ ರೈಲ್ವೆ ಕಡತ, ನಕ್ಷೆಗಳು ರಾಜ್ಯ ಪತ್ರಾಗಾರ ಇಲಾಖೆಯಲ್ಲಿ, ಅರಣ್ಯ ಇಲಾಖೆಯಲ್ಲಿ, ರೈಲ್ವೆಯಲ್ಲಿ ಹಂಚಿಹೋಗಿರುತ್ತವೆ. ಒಬ್ಬ ಇತಿಹಾಸಕಾರ, ಒಬ್ಬ ಸರ್ವೇಯರ್, ಒಬ್ಬ ನಿವೃತ್ತ ರೈಲ್ವೆ ಎಂಜಿನಿಯರ್, ಒಂದು ಜೀಪು ಕೊಟ್ಟರೆ ಸಾಕು. ಹಳೆ ಹಳಿಯ ಏರಿ ಎಲ್ಲಿದೆ, ಮೋರಿ ಎಲ್ಲಿದೆ, ಯಾವ ತೋಟದ ಬೇಲಿಗೆ ಯಾವ ಹಳಿ ತುಂಡು ನೆಟ್ಟಿದ್ದಾರೆ, ಎಲ್ಲ ಬರೆದಿಡಲಿ. ಟ್ರಾಮಿನ ನೆನಪು ಇರುವ ಹಿರಿಯರು ಈಗ ಸಿಗುವುದೇ ಕಷ್ಟ. ಸಿಕ್ಕವರ ಮಾತನ್ನಾದರೂ ರೆಕಾರ್ಡ್ ಮಾಡಿಕೊಳ್ಳಲಿ.

ಆಮೇಲೆ ಭದ್ರಾವತಿ. ಅದರ ಒಡೆತನವಿರುವ ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರ (ಸೇಲ್) ಆ ಕಾರ್ಖಾನೆಯನ್ನು ಮುಚ್ಚುವುದಾಗಿ 2023ರಲ್ಲಿ ಹೇಳಿತ್ತು, ಕಾರ್ಮಿಕರು ಬೀದಿಗಿಳಿದ ಮೇಲೆ ಸ್ವಲ್ಪ ಕೆಲಸ ಮತ್ತೆ ಶುರುವಾಯಿತು. ಅದರ ಭವಿಷ್ಯ ನಿಮ್ಮ ಇಲಾಖೆಯ ಕೈಯಲ್ಲಿಲ್ಲ, ಗೊತ್ತು. ಆದರೆ ಅಲ್ಲಿನ ಹಳೆ ಯಂತ್ರ, ಹಳಿ, ಟ್ರಾಲಿ ಏನೇ ಇರಲಿ, ಗುಜರಿಗೆ ಹೋಗುವ ಮೊದಲು ಪಟ್ಟಿ ಮಾಡಿ ತಡೆಹಿಡಿಯುವಂತೆ ಕೇಂದ್ರಕ್ಕೆ ಒಂದು ಪತ್ರ ಬರೆಯಬಹುದಲ್ಲವೇ? ಅದಕ್ಕಿಂತ ಮುಖ್ಯ ಅಲ್ಲಿನ ಜನ. ಫಿಟ್ಟರು, ಟರ್ನರು, ಮೋಲ್ಡರು, ವೆಲ್ಡರು: ಒಂದು ಉಗಿ ಎಂಜಿನ್ ಕಟ್ಟಲು ಬೇಕಾದ ಕೈಕಸುಬು ಗೊತ್ತಿರುವವರು ನಿವೃತ್ತರಾಗಿ ಮನೆಯಲ್ಲಿ ಕೂತಿದ್ದಾರೆ. ಅವರ ಕೈಕೆಳಗೆ ಐಟಿಐ ಹುಡುಗರನ್ನು ಬಿಟ್ಟು ಒಂದು ವರ್ಕ್‌ಶಾಪ್ ಶುರು ಮಾಡಿ. ರೈಲಿಗಿಂತ ಮೊದಲು ವರ್ಕ್‌ಶಾಪ್ ಬರಬೇಕು. ಎಂಜಿನ್ ಹೊರಗಿನಿಂದ ತರಿಸಿ, ಕೆಟ್ಟರೆ ರಿಪೇರಿಗೆ ಮತ್ತೆ ಹೊರಗಿನವರನ್ನೇ ಕಾಯುವ ರೈಲು ಎರಡನೇ ವರ್ಷಕ್ಕೆ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತದೆ.

ಮೂರನೇ ಹಂತದಲ್ಲಷ್ಟೇ ಹಳಿ. ಕಾಡಿನ ಗಡಿಯಿಂದ ಸಾಕಷ್ಟು ಈಚೆ, ತರೀಕೆರೆ ಸ್ಟೇಷನ್ ಹತ್ತಿರದಿಂದ ತೋಟ, ಕೆರೆಗಳ ಪಕ್ಕದಲ್ಲಿ ಮೂರು ನಾಲ್ಕು ಕಿಲೋಮೀಟರ್ ಎರಡಡಿ ಹಳಿ ಸಾಕು. ಶಿವಮೊಗ್ಗ ರೈಲಿನಿಂದ ಇಳಿದವರು ಅಲ್ಲೇ ಈ ರೈಲು ಹತ್ತುವಂತಿರಬೇಕು. ಇದು ತೀರಾ ಚಿಕ್ಕದಾಯಿತು ಅನ್ನಿಸಿದರೆ ಸ್ಲೊವಾಕಿಯಾದ ಚಿಯೆರ್ನಿ ಬಾಲೋಗ್ ಹಳ್ಳಿಯನ್ನು ನೋಡಿ. ಅಲ್ಲಿನ ನಾಟಾ ರೈಲು 1982ರಲ್ಲಿ ಮುಚ್ಚಿತು. ಕಿತ್ತು ಬಿಸಾಡಬೇಕಿದ್ದ ಹಳಿಯನ್ನು ಸ್ವಯಂಸೇವಕರು ಸರಿಮಾಡಿ 1992ರಲ್ಲಿ ಮತ್ತೆ ರೈಲು ಓಡಿಸಿದರು. ಆ ಹಳಿ ಊರಿನ ಫುಟ್‌ಬಾಲ್ ಮೈದಾನಕ್ಕೂ ಪ್ರೇಕ್ಷಕರ ಗ್ಯಾಲರಿಗೂ ನಡುವೆಯೇ ಹೋಗುತ್ತದೆ. ಆಟ ನಡೆಯುತ್ತಿರುವಾಗಲೇ ಹೊಗೆ ಬಿಡುತ್ತಾ ರೈಲು ಹಾದುಹೋಗುವುದನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ! ರೊಮೇನಿಯಾದ ವಿಶೆವು ದೆ ಸುಸ್ ಕಣಿವೆಯಲ್ಲಂತೂ ನಾಟಾ ಸಾಗಿಸುವ ಹಳಿಯ ಮೇಲೆಯೇ ಪ್ರವಾಸಿಗರ ಉಗಿ ರೈಲು ಓಡುತ್ತದೆ.

ಇದರಿಂದ ಕೋಟಿಗಟ್ಟಲೆ ಆದಾಯ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಟಿಕೆಟ್ ದುಡ್ಡಿನಲ್ಲೇ ಇಂಥ ರೈಲು ಬದುಕುವುದು ಕಷ್ಟ. ಆದರೆ ಮಲೆನಾಡಿಗೆ ಬರುವವರು ಈಗ ತರೀಕೆರೆಯಲ್ಲಿ ಕಾರು ನಿಲ್ಲಿಸುವುದು ಕಾಫಿಗೆ ಮಾತ್ರ. ಅರ್ಧ ದಿನ ನಿಂತರೆ ಹೋಟೆಲು, ಆಟೋ, ಅಡಿಕೆ ಹಾಳೆ ತಟ್ಟೆ ಮಾಡುವ ಸ್ತ್ರೀಶಕ್ತಿ ಸಂಘ, ಎಲ್ಲರಿಗೂ ನಾಲ್ಕು ಕಾಸು.

ಇಷ್ಟನ್ನೂ ಒಂದೇ ಸಲ ಮಾಡಿ ಅಂತ ಕೇಳುತ್ತಿಲ್ಲ. ನಕ್ಷೆ, ಕಡತ ಹುಡುಕುವ ಕೆಲಸಕ್ಕೆ ಈ ವರ್ಷವೇ ಒಬ್ಬ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ವರದಿ ಕೊಡುವ ತಾರೀಖನ್ನು ಪ್ರಕಟಿಸಿ. ಅವರು ತರೀಕೆರೆಗೆ ಬಂದರೆ ಓಡಾಡಿ ತೋರಿಸಲು ನಮ್ಮ ಕಡೆ ಜನ ಇದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ತರೀಕೆರೆ ಸೀಮೆಯ ಒಬ್ಬ ರೈಲು ಹುಚ್ಚ