ಈ ವರ್ಷ ಕಿಲೋ ಲೆಕ್ಕದ ಬಹುಮಾನ ಇಲ್ಲ: ಪೋಷಕರಿಗೆ ಪತ್ರ

ತುಮಕೂರು

ಪ್ರೀತಿಯ ಪೋಷಕರೇ,

ನಮಸ್ಕಾರ. ಹೋದ ವಾರ ನಿಮ್ಮಲ್ಲಿ ಕೆಲವರು ಆಫೀಸಿಗೆ ಬಂದಿರಿ, ಕೆಲವರು ಫೋನ್ ಮಾಡಿದಿರಿ. ಎಲ್ಲರದ್ದೂ ಒಂದೇ ಪ್ರಶ್ನೆ. ಮಕ್ಕಳು ಶನಿವಾರ ಮನೆಯ ಒಣ ಕಸ ಶಾಲೆಗೆ ತರುವ ಕೆಲಸಕ್ಕೆ ಹೋದ ವರ್ಷದ ಹಾಗೆ ಈ ಸಲ ಮೊದಲನೇ, ಎರಡನೇ ಬಹುಮಾನ ಯಾಕಿಲ್ಲ? ಒಬ್ಬರು ತುಂಬಾ ಬೇಜಾರಿನಿಂದ ಕೇಳಿದರು: "ಮೇಡಂ, ನಮ್ಮ ಹುಡುಗ ಬೇಸಿಗೆ ರಜೆ ಪೂರ್ತಿ ಬಾಟಲಿ ಕೂಡಿಟ್ಟಿದ್ದಾನೆ. ಈಗ ಅವನಿಗೆ ಏನಂತ ಹೇಳಲಿ?" ಅವತ್ತು ಬೆಲ್ ಹೊಡೆದಿತ್ತು, ನಾನು ಅರ್ಧಂಬರ್ಧ ಉತ್ತರ ಕೊಟ್ಟು ಕ್ಲಾಸಿಗೆ ಹೋದೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಜಾಸ್ತಿ ಕಿಲೋ ತಂದವರಿಗೆ ಬಹುಮಾನ ಅಂತ ಹೋದ ವರ್ಷ ಹೇಳಿದ್ದು ನಾನೇ. ಮಕ್ಕಳಿಗೆ ಹುರುಪು ಬರಲಿ ಅಂತ ಹೇಳಿದ್ದು. ಹುರುಪು ಬಂತು. ಆದರೆ ಮೂರನೇ ಶನಿವಾರದ ಹೊತ್ತಿಗೆ ಇನ್ನೂ ಅರ್ಧ ಬರೆಯದ ನೋಟ್‌ಬುಕ್‌ಗಳು ತಕ್ಕಡಿಗೆ ಬಂದವು. ಅಂಗಡಿಯಿಂದ ನೀರಿನ ಬಾಟಲಿ ಕೊಂಡು, ನೀರು ಚೆಲ್ಲಿ, ಖಾಲಿ ಬಾಟಲಿ ತಂದವರಿದ್ದರು. ನೆನೆಸಿದ ರಟ್ಟು ಬಂತು. ನೆಂದರೆ ತೂಕ ಜಾಸ್ತಿ ಅಲ್ವಾ? ಅದನ್ನು ಗುಜರಿಯವರು ಮುಟ್ಟಲೇ ಇಲ್ಲ. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ನಾವು ಕಿಲೋ ಕೇಳಿದೆವು, ಅವರು ಕಿಲೋ ತಂದರು.

ನನ್ನ ಮನಸ್ಸಿಗೆ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ಆರನೇ ತರಗತಿಯ ಒಬ್ಬ ಹುಡುಗಿ ಒಂದು ಶನಿವಾರವೂ ತಪ್ಪಿಸಲಿಲ್ಲ. ಆದರೆ ಅವಳ ಚೀಲದಲ್ಲಿ ಯಾವಾಗಲೂ ಒಂದು ಹಿಡಿ ಮಾತ್ರ. ಅವರ ಮನೆಯಲ್ಲಿ ಅಂಗಡಿಗೆ ಬಟ್ಟೆ ಚೀಲ, ಎಣ್ಣೆಗೆ ಡಬ್ಬಿ ತೆಗೆದುಕೊಂಡು ಹೋಗುತ್ತಾರೆ. ಹಾಲು ಪಕ್ಕದ ಮನೆಯ ಹಸುವಿನದು, ಹಾಗಾಗಿ ಕವರೇ ಇಲ್ಲ. ಕೊನೆಗೆ ಪಟ್ಟಿ ಹಾಕಿದಾಗ ಅವಳ ಹೆಸರು ಎಲ್ಲರಿಗಿಂತ ಕೆಳಗೆ. ವರ್ಷವಿಡೀ ಕಸ ಕಮ್ಮಿ ಮಾಡಿ ಅಂತ ಪಾಠ ಹೇಳಿ, ಕಮ್ಮಿ ಮಾಡಿದ ಮನೆಗೆ ಕೊನೆಯ ಸ್ಥಾನ ಕೊಟ್ಟೆವು. ನೋಟಿಸ್ ಬೋರ್ಡಿನ ಮುಂದೆ ಅವಳು ನಿಂತಿದ್ದನ್ನು ನಾನು ನೋಡಿದೆ. ಆ ಪಟ್ಟಿಗೆ ಸಹಿ ಹಾಕಿದವಳೂ ನಾನೇ.

ಹಾಗಾಗಿ ಈ ವರ್ಷ ತೂಕ ಇಲ್ಲ, ಒಬ್ಬೊಬ್ಬರಿಗೆ ರ‍್ಯಾಂಕ್ ಇಲ್ಲ. ಮನ್ನಣೆ ಬೀದಿಗೆ. ಶಾಲೆಯ ಸುತ್ತಲಿನ ಯಾವ ಬೀದಿಯಲ್ಲಿ ಹಸಿ ಕಸ, ಒಣ ಕಸ ಚೆನ್ನಾಗಿ ಬೇರೆಯಾಗಿ ಗಾಡಿಗೆ ಬರುತ್ತದೋ ಆ ಬೀದಿಗೆ ಪ್ರಶಸ್ತಿ ಪತ್ರ. ಆ ಬೀದಿಯಿಂದ ಬರುವ ಎಲ್ಲಾ ಮಕ್ಕಳ ಹೆಸರೂ ಅದರಲ್ಲಿ ಇರುತ್ತದೆ. ದೂರದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಅವರ ತರಗತಿಯೇ ಬೀದಿ ಇದ್ದ ಹಾಗೆ, ಅವರನ್ನು ಬಿಟ್ಟಿಲ್ಲ.

"ಎಲ್ಲರಿಗೂ ಒಂದೇ ಅಂದರೆ ಕಷ್ಟಪಟ್ಟ ಮಗುವಿಗೆ ಏನು ಸಿಕ್ಕಿತು?" ಅಂತ ಕೇಳಿದಿರಿ. ನ್ಯಾಯವಾದ ಮಾತು. ಮಗು ಮಾಡಿದ ಕೆಲಸವನ್ನು ದೊಡ್ಡವರು ಗುರುತಿಸಬೇಕು, ನಾನೂ ಒಬ್ಬ ತಾಯಿ, ನನಗೆ ಅದು ಗೊತ್ತು. ಪ್ರಶಸ್ತಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನವರ ಬಗ್ಗೆ ಮಕ್ಕಳು ಪ್ರತಿ ವರ್ಷ ಭಾಷಣ ಮಾಡುತ್ತಾರೆ. ಅವರಿಗೆ 2019ರಲ್ಲಿ ಪದ್ಮಶ್ರೀ ಬಂತು. ಗಂಡ ಹೆಂಡತಿ ಇಬ್ಬರೂ ಬಿಂದಿಗೆಯಲ್ಲಿ ನೀರು ಹೊತ್ತು, ದನಕರು ತಿನ್ನದ ಹಾಗೆ ಮುಳ್ಳಿನ ಬೇಲಿ ಕಟ್ಟಿ, ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆಲದ ಮರ ಬೆಳೆಸಿ ಎಷ್ಟೋ ವರ್ಷ ಆದ ಮೇಲೆ ಬಂದದ್ದು ಅದು. ಜನ 385 ಮರ ಅಂತ ಎಣಿಸುವುದು ಉಳಿದು ನಿಂತ ಮರಗಳನ್ನು. ನಾವೂ ಹಾಗೆ ಉಳಿಯುವುದನ್ನು ಎಣಿಸೋಣ ಅಂತ ನನ್ನ ಆಸೆ. ಶನಿವಾರ ಚೀಲ ತುಂಬುವುದು ಸುಲಭ. ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಎರಡು ಬುಟ್ಟಿ ಇಡುವುದು ಕಷ್ಟ. ಅದನ್ನು ಮಗು ಒಂದೇ ಮಾಡಲು ಆಗಲ್ಲ, ಇಡೀ ಮನೆ ಸೇರಬೇಕು. ಅದಕ್ಕೇ ಬೀದಿಗೆ ಪ್ರಶಸ್ತಿ.

ಆದರೂ ನಿಮ್ಮ ಮಾತು ಕೇಳಿದ ಮೇಲೆ ಒಂದು ಬದಲಾವಣೆ ಮಾಡಿದ್ದೇವೆ. ಕೆಲಸ ಮಾಡಿದ ಪ್ರತಿ ಮಗುವಿಗೂ ಕ್ಲಾಸ್ ಟೀಚರ್ ಕೈಬರಹದಲ್ಲಿ ಒಂದು ಪತ್ರ ಕೊಡುತ್ತಾರೆ. ಮಗು ನಿಜವಾಗಿ ಏನು ಮಾಡಿತು ಅಂತ ಅದರಲ್ಲಿ ಇರುತ್ತದೆ. ಮನೆಮನೆಗೆ ಹೋಗಿ ಹೇಳಿದ್ದು, ಲೆಕ್ಕ ಬರೆದದ್ದು, ಅಜ್ಜಿಗೆ ಎರಡು ಬುಟ್ಟಿ ಅಭ್ಯಾಸ ಮಾಡಿಸಿದ್ದು, ಏನೇ ಇರಲಿ. ಅದರಲ್ಲಿ ನಂಬರ್ ಮಾತ್ರ ಇರುವುದಿಲ್ಲ. ದಯವಿಟ್ಟು ಅದನ್ನು ಕೇಳಬೇಡಿ.

ಸಮಾರಂಭ ಸೆಪ್ಟೆಂಬರ್ 23ಕ್ಕೆ, ಪೌರಕಾರ್ಮಿಕರ ದಿನ. ನಮ್ಮ ಬೀದಿಗಳ ಕಸ ಎತ್ತುವ ಪೌರಕಾರ್ಮಿಕರೇ ವೇದಿಕೆ ಮೇಲೆ ಕೂರುತ್ತಾರೆ, ಅವರ ಕೈಯಿಂದಲೇ ಪ್ರಶಸ್ತಿ ಪತ್ರ. ಯಾರಾದರೂ ಗಣ್ಯರನ್ನು ಕರೆಸಬಹುದಿತ್ತು ಅಂತ ಇಬ್ಬರು ಮೂವರು ಹೇಳಿದಿರಿ. ಇದು ಬದಲಾಗುವುದಿಲ್ಲ. ಯಾವ ಮನೆ ಕಸ ಬೇರೆ ಮಾಡಿದೆ, ಯಾವ ಮನೆ ಅನ್ನ ಸಾರಿನ ಜೊತೆ ಬ್ಲೇಡು ಹಾಕಿದೆ ಅಂತ ಅವರ ಕೈಗೆ ಗೊತ್ತು. ಹೋದ ತಿಂಗಳು ಅವರಲ್ಲಿ ಒಬ್ಬ ಅಮ್ಮ ಮಕ್ಕಳಿಗೆ ತಮ್ಮ ಬೆರಳು ತೋರಿಸಿದರು. ಒಡೆದ ಟ್ಯೂಬ್‌ಲೈಟ್ ಕುಯ್ದ ಗಾಯ. ಅವತ್ತು ಕ್ಲಾಸಿನಲ್ಲಿ ಒಂದು ಮಗುವೂ ಮಾತಾಡಲಿಲ್ಲ. ಹಸಿ, ಒಣ, ಅಪಾಯದ ಕಸ ಮೂರನ್ನೂ ಮನೆಯಲ್ಲೇ ಬೇರೆ ಮಾಡಬೇಕು ಅಂತ 2016ರಲ್ಲೇ ನಿಯಮ ಬಂದಿತ್ತು. ಮಕ್ಕಳಿಗೆ ಅದು ಅರ್ಥವಾಗಿದ್ದು ಆ ಬೆರಳು ನೋಡಿದ ಮೇಲೆ.

ಮಕ್ಕಳ ಕೈಯಲ್ಲಿ ಬೀದಿ ಕಸ ಎತ್ತಿಸುತ್ತಿಲ್ಲ. ಮನೆಯ ಒಣ ಕಸ ಮಾತ್ರ ತರುತ್ತಾರೆ. ಗುಜರಿ ದುಡ್ಡಿನ ರಸೀದಿ ಆಫೀಸಿನಲ್ಲಿದೆ, ಯಾವಾಗ ಬೇಕಾದರೂ ನೋಡಿ.

ನಿಮ್ಮಿಂದ ಬೇಕಾಗಿರುವುದು ಇಷ್ಟೇ: ಹಾಲಿನ ಕವರಿನ ಮೂಲೆ ಪೂರ್ತಿ ಕತ್ತರಿಸಿ ಬಿಸಾಡದೆ, ಕವರ್ ತೊಳೆದು ಒಣಗಿಸಿ ಶನಿವಾರ ಮಗುವಿನ ಕೈಲಿ ಕಳಿಸಿ.

ಬಾಟಲಿ ಕೂಡಿಟ್ಟ ಹುಡುಗನ ತಂದೆಗೆ ಒಂದು ಮಾತು. ಅವನು ಎಲ್ಲಾ ಬಾಟಲಿಗಳನ್ನೂ ತರಲಿ. ಆ ಪ್ಲಾಸ್ಟಿಕ್ ಕರಗಿಸಿ ನೂಲು ತೆಗೆಯುತ್ತಾರೆ, ಬಟ್ಟೆಯೂ ಆಗುತ್ತದೆ. ಅದನ್ನು ಇಡೀ ತರಗತಿಗೆ ವಿವರಿಸುವ ಕೆಲಸ ಅವನಿಗೇ ಕೊಡುತ್ತೇನೆ. ಬರುವ ಸೋಮವಾರ ಮಧ್ಯಾಹ್ನದ ಊಟದ ಮೊದಲು ಅವನನ್ನು ನನ್ನ ಹತ್ತಿರ ಕಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ