ಐದನೇ ತಟ್ಟೆ: ಟೀಚರ್ ಆದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಏನೋ ಹೇಳಿ ಇಟ್ಟುಬಿಟ್ಟೆ. ‘ನನ್ನ ಕ್ಲಾಸಿನ ಮಕ್ಕಳು ಎಷ್ಟು ಪರ್ಸೆಂಟ್ ಯಶಸ್ವಿ ಅಂತ ಫಾರಂನಲ್ಲಿ ಬರೀಬೇಕಂತೆ, ಒಂದನೇ ಕ್ಲಾಸಿನ ಮಗು ಯಶಸ್ವಿ ಅಂದರೆ ಏನಮ್ಮಾ?’ ಅಂದೆ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಈ ಪ್ರಶ್ನೆ ಹುಟ್ಟಿದ್ದು ಒಳ್ಳೆಯದೇ ಆಯಿತು.

ಪರ್ಸೆಂಟ್ ವಿಷಯ ಮೊದಲು ಮುಗಿಸಿಬಿಡೋಣ. ನಮ್ಮ ರಾಜ್ಯದ ಎಸ್ಎಸ್ಎಲ್‌ಸಿ ಫಲಿತಾಂಶ 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ನಕಲು ತಡೆಯಲು ಅಲ್ಲಿನ ದೃಶ್ಯವನ್ನು ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಶುರುವಾಯಿತು. ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೈಬಿಚ್ಚಿ ಕೃಪಾಂಕ ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾಗಿಬಿಟ್ಟರಾ? ಹಾಗಂತ ಅಂಕವೇ ಬೇಡ ಅನ್ನುವವಳಲ್ಲ ನಾನು. ಕೂಲಿ ಮಾಡುವವರ ಮನೆಯ ಹುಡುಗಿಯನ್ನು ಪಿಯುಸಿಗೆ ಸೇರಿಸುತ್ತಾರೋ, ಮದುವೆ ಮಾಡಿ ಕಳಿಸುತ್ತಾರೋ ಅನ್ನುವುದು ಎಷ್ಟೋ ಸಲ 625ಕ್ಕೆ ಎಷ್ಟು ಬಂತು ಅನ್ನುವುದರ ಮೇಲೆ ನಿಂತಿರುತ್ತದೆ. ಅಂಕ ಮುಖ್ಯವಲ್ಲ ಅಂತ ವೇದಿಕೆ ಮೇಲೆ ಹೇಳುವವರ ಮಕ್ಕಳಿಗೆ ಬೇರೆ ದಾರಿಗಳಿರುತ್ತವೆ ಬಿಡು.

ಈಗ ನಿನ್ನ ನಲಿ-ಕಲಿ ಕೋಣೆಗೆ, ಅಂದರೆ ಚಿಕ್ಕ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕೋಣೆಗೆ ಬರೋಣ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಇದನ್ನು ಶುರು ಮಾಡಿದಾಗ ಪಾಸು-ಫೇಲಿನ ಜಾಗದಲ್ಲಿ ಕಲಿಕೆಯ ಮೆಟ್ಟಿಲು, ಮೈಲಿಗಲ್ಲುಗಳನ್ನು ಇಟ್ಟರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಐದು ತಟ್ಟೆಗಳು, ಅಂದರೆ ಎಷ್ಟು ಸಹಾಯ ಬೇಕು ಅನ್ನುವುದರ ಮೇಲೆ ಮಕ್ಕಳು ಕೂರುವ ಐದು ಗುಂಪುಗಳು. ಮೊದಲನೇ ತಟ್ಟೆಯ ಮಕ್ಕಳಿಗೆ ಟೀಚರ್ ಪೂರ್ತಿ ಸಹಾಯ ಮಾಡಬೇಕು. ಎರಡನೆಯದರಲ್ಲಿ ಸ್ವಲ್ಪ ಸಾಕು. ಮೂರು, ನಾಲ್ಕರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ. ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ನೀನು ಕೇಳಿದ್ದಕ್ಕೆ ಉತ್ತರ ಅಲ್ಲೇ, ನಿನ್ನ ಕಣ್ಣೆದುರಿಗೇ ಇದೆಯಲ್ವಾ? ಯಾವ ಕೆಲಸಕ್ಕೆ ನಿನ್ನ ಸಹಾಯ ಬೇಡವಾಯಿತೋ, ಆ ಕೆಲಸದಲ್ಲಿ ಮಗು ಗೆದ್ದಿತು ಅಂತ ಲೆಕ್ಕ.

ಆದರೆ ತಟ್ಟೆ ಬದಲಿಸುವ ಮುಂಚೆ ಹತ್ತಿರ ಕೂತು ನೋಡು. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಪಾಠವನ್ನು ಗಡಗಡ ಓದುತ್ತಿದ್ದ. ನೋಡಿದರೆ ಬೆರಳು ಮೂರನೇ ಸಾಲಿನಲ್ಲಿ, ಬಾಯಿ ಐದನೇ ಸಾಲಿನಲ್ಲಿ! ಅಕ್ಕ ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಕೆಳಗಿನಿಂದ ಮೇಲಕ್ಕೆ ಓದು ಅಂದೆ, ಸುಮ್ನೆ ನನ್ನ ಮುಖ ನೋಡಿದ. ಮತ್ತೆ ಮೊದಲನೇ ತಟ್ಟೆಗೆ ಕರೆದು, ನಲಿ-ಕಲಿಯಲ್ಲಿ ಮೊದಲು ಕಲಿಸುವ ರ, ಗ, ಸ, ದ, ಅ ದಿಂದಲೇ ಹಿಡಿದೆವು. ‘ಗರಗಸ’ ಬಂತು, ‘ಅಗಸ’ ಬಂತು. ಒಂದು ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಗೋಡೆಯ ಬುಡದ ಬೋರ್ಡಿನಲ್ಲಿ ತನ್ನ ಪಾಲಿನ ಜಾಗದ ತುಂಬ ‘ಸರಸರ’, ‘ಗರಗರ’, ‘ದರದರ’ ಅಂತ ಬರೆದುಕೊಂಡು ಒಬ್ಬನೇ ನಗುತ್ತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ. ಅವತ್ತು ಮಕ್ಕಳ ಕಲಿಕೆ ಗುರುತಿಸುವ ‘ಪ್ರಗತಿ ನೋಟ’ದ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಗುರುತು ಹಾಕುವಾಗ ನನಗೆ ಅನುಮಾನವೇ ಇರಲಿಲ್ಲ.

ಮಕ್ಕಳಿಗೆ ಅ, ಆ, ಇ, ಈ ವರಸೆ ಪ್ರಕಾರ ಬರಲ್ಲ ಅಂತ ಅಪ್ಪ-ಅಮ್ಮಂದಿರು ಜಗಳಕ್ಕೇ ಬರುತ್ತಾರೆ. ವಾದ ಮಾಡಬೇಡ. ಪುಸ್ತಕದಲ್ಲಿಲ್ಲದ ಶಬ್ದ ಬರೆದು ಅವರೆದುರಿಗೇ ಮಗುವಿನಿಂದ ಓದಿಸು.

ಫಾರಂನಲ್ಲಿ ಪರ್ಸೆಂಟ್ ಇದ್ದದ್ದು ಇದ್ದ ಹಾಗೆ ಬರೆ. ಜಾಸ್ತಿ ಮಾಡಿ ಬರೆದರೆ ನಿಜವಾಗಿ ಸಹಾಯ ಬೇಕಾದ ಮಗುವೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಅಪ್ಪ-ಅಮ್ಮನ ಜೊತೆ ಕಬ್ಬು ಕಡಿಯಲು ಹೋಗಿರುವ ನಿನ್ನ ಕ್ಲಾಸಿನ ಆ ಹುಡುಗಿ ವಾಪಸ್ ಬಂದಾಗ, ಉಳಿದವರು ಎಲ್ಲಿದ್ದಾರೆ ಅಂತ ಅವಳಿಗೆ ತೋರಿಸಬೇಡ. ಅವಳು ಬಿಟ್ಟುಹೋದ ಮೆಟ್ಟಿಲಿನ ಕಾರ್ಡು ಯಾವುದು ಅಂತ ಈಗಲೇ ಬರೆದಿಟ್ಟುಕೋ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ